ಕೂಸಿನ ಜೊತೆ ಬಂದವರು ಎಲ್ಲಿ ಮಲಗಬೇಕು?

ಉದ್ಯಾನ ಎಕ್ಸ್‌ಪ್ರೆಸ್ಸಿನ ದಾರಿಯಲ್ಲಿ ಕಲಬುರಗಿ ಹೆಚ್ಚುಕಡಿಮೆ ನಟ್ಟನಡುವೆ ಬರುತ್ತದೆ. ಒಂದು ತುದಿಗೆ ಬೆಂಗಳೂರು, ಇನ್ನೊಂದು ತುದಿಗೆ ಮುಂಬೈ. ಮನೆಯಲ್ಲಿ ದೊಡ್ಡ ಜಡ್ಡು ಬಂದರೆ ಯಾವ ಕಡೆಯ ಗಾಡಿ ಹತ್ತಬೇಕು ಅನ್ನುವುದು ನಮ್ಮ ಭಾಗದಲ್ಲಿ ಹಳೆಯ ಪ್ರಶ್ನೆ. ಬಹಳ ಮಂದಿ ಮುಂಬೈ ಗಾಡಿ ಹತ್ತುತ್ತಾರೆ. ಹತ್ತುವ ಮೊದಲು ಇಲ್ಲಿರುವ ನಮ್ಮಂಥವರಿಗೆ ಫೋನ್ ಮಾಡುತ್ತಾರೆ. ನಾನು ಮುಂಬೈ ಪಕ್ಕದ ಡೊಂಬಿವಲಿಗೆ ಬಂದು 22 ವರ್ಷವಾಯಿತು, ಇಂಥ ಫೋನುಗಳ ಲೆಕ್ಕ ಇಟ್ಟಿಲ್ಲ. ಆದರೆ ಒಂದು ಫೋನು ಮಾತ್ರ ನನ್ನ ತಲೆಯೊಳಗಿನ ಬಹಳ ವಿಚಾರಗಳನ್ನು ತಿರುವಿಹಾಕಿತು.

ಸೇಡಂ ಕಡೆಯ ಕುಟುಂಬ ಅದು, ದೂರದಿಂದ ನೆಂಟರು. ಆರು ವರ್ಷದ ಹುಡುಗನಿಗೆ ಬಿಟ್ಟೂ ಬಿಡದ ಜ್ವರ, ಕಾಲುನೋವು, ಮೈಮೇಲೆ ಅಲ್ಲಲ್ಲಿ ನೀಲಿ ಕಲೆ. ದಸರಾ ಮುಗಿದ ವಾರ ದಾದರಿನಲ್ಲಿ ಇಳಿಸಿಕೊಂಡೆ. ಪರೇಲಿನ ಟಾಟಾ ಆಸ್ಪತ್ರೆಯಲ್ಲಿ ಮೂಳೆಮಜ್ಜೆ ಪರೀಕ್ಷೆ ಮಾಡಿ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂದರು, ಅಂದರೆ ರಕ್ತದ ಕ್ಯಾನ್ಸರ್. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಇದೇ, ಸರಿಯಾಗಿ ಚಿಕಿತ್ಸೆ ಪೂರೈಸಿದರೆ ಗುಣವಾಗುವ ಭರವಸೆಯೂ ಇದರಲ್ಲಿ ದೊಡ್ಡದು. ಪೂರೈಸುವುದೇ ಕಷ್ಟ. ಒಟ್ಟು ಎರಡರಿಂದ ಎರಡೂವರೆ ವರ್ಷ. ಮೊದಲ ಆರೆಂಟು ತಿಂಗಳು ಆಸ್ಪತ್ರೆಯ ಹತ್ತಿರವೇ ಇರಬೇಕು.

ಹತ್ತಿರ ಎಂದರೆ ಎಲ್ಲಿ? ನಮ್ಮ ಮನೆಯಲ್ಲಿರಲಿ ಎಂದೆವು. ಒಂದು ಕೋಣೆ, ಅಡುಗೆಮನೆ, ನಾವು ನಾಲ್ವರು, ಅವರು ಮೂವರು. ಕೀಮೋ, ಅಂದರೆ ಕ್ಯಾನ್ಸರ್ ಕೊಲ್ಲುವ ಔಷಧ, ಶುರುವಾದ ಮೇಲೆ ಹುಡುಗನ 'ಕೌಂಟ್' ಬೀಳುತ್ತಿತ್ತು. ರಕ್ತದ ಬಿಳಿಕಣಗಳು ಇಳಿದುಹೋದಾಗ ಸಾಮಾನ್ಯ ನೆಗಡಿಯ ಸೋಂಕೂ ಅವನಿಗೆ ಪ್ರಾಣಾಪಾಯ. ಅಂಥ ಮಗುವನ್ನು ಎದೆಗೆ ಒತ್ತಿಕೊಂಡು ಅವನ ತಾಯಿ ಬೆಳಗಿನ ಏಳೂ ನಲವತ್ತರ ಲೋಕಲ್ ಹತ್ತುವುದನ್ನು ನಾನು ಪ್ಲಾಟ್‌ಫಾರಮ್ಮಿನ ಮೇಲೆ ನಿಂತು ನೋಡಿದ್ದೇನೆ. ಡೊಂಬಿವಲಿಯ ಬೆಳಗಿನ ಗಾಡಿ ಹೇಗಿರುತ್ತದೆ ಎಂದು ಬಲ್ಲವರು ಬಲ್ಲರು. ಹನ್ನೊಂದನೆಯ ದಿನಕ್ಕೆ ಜ್ವರ ಬಂತು. ಆಗ ನನಗೆ ಅರ್ಥವಾದದ್ದು: ಈ ಜಡ್ಡಿನಲ್ಲಿ ಮಲಗುವ ಜಾಗ, ಕುದಿಸಿದ ನೀರು, ಬಿಸಿ ಅನ್ನ ಇವೂ ಡಾಕ್ಟರು ಬರೆದುಕೊಡಬೇಕಾದ ಔಷಧಗಳೇ.

ಪರೇಲನ್ನು ಅರಿಯದವರಿಗಾಗಿ ಎರಡು ಮಾತು. ಗಿರಣಿಗಳ ಕಾಲದ ಈ ಬಡಾವಣೆಯಲ್ಲಿ ಕೆಇಎಂ, ಟಾಟಾ, ವಾಡಿಯಾ ಮಕ್ಕಳ ಆಸ್ಪತ್ರೆ ಮೂರೂ ನಡೆದು ತಲುಪುವಷ್ಟು ಹತ್ತಿರ ಇವೆ. ಮಕ್ಕಳಿಗೆಂದೇ ಕಟ್ಟಿದ ಬಾಯಿ ಜರಬಾಯಿ ವಾಡಿಯಾ ಆಸ್ಪತ್ರೆ 1929ರದು, ಟಾಟಾ ಸ್ಮಾರಕ ಆಸ್ಪತ್ರೆ ಬಾಗಿಲು ತೆರೆದದ್ದು 1941ರಲ್ಲಿ. ಆ ಜರಬಾಯಿಯ ಹೆಸರಿನ ರಸ್ತೆಯ ಫುಟ್‌ಪಾತಿನ ಮೇಲೆಯೇ ವರ್ಷಾನುಗಟ್ಟಲೆ ದೇಶದ ಮೂಲೆಮೂಲೆಯ ರೋಗಿಗಳು ನೀಲಿ ಪ್ಲಾಸ್ಟಿಕ್ ಕಟ್ಟಿಕೊಂಡು ಮಲಗಿದ್ದಾರೆ. ಬಿಹಾರ, ಬಂಗಾಳ, ಉತ್ತರ ಪ್ರದೇಶ, ನಮ್ಮ ವಿಜಯಪುರ, ಬೀದರ. ಮುಂಬೈಯನ್ನು ಹೊಗಳಲು ಹೊರಟವನು ಇದನ್ನು ಮುಚ್ಚಿಡಬಾರದು.

ಆದರೆ ಇದೇ ಫುಟ್‌ಪಾತನ್ನು ನೋಡಿ ಕೈಕಟ್ಟಿ ಕೂರದವರೂ ಈ ಊರಲ್ಲಿದ್ದಾರೆ. ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆ, ಪರೇಲಿನ ನಾನಾ ಪಾಲಕರ ಸ್ಮೃತಿ ಸಮಿತಿ ಮೊದಲಿನಿಂದ ಹೊರಗಿನ ರೋಗಿಗಳಿಗೆ ಆಸರೆ. 2006ರಲ್ಲಿ ಸೇಂಟ್ ಜ್ಯೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್ ಎಂಬ ಸಂಸ್ಥೆ ಕ್ಯಾನ್ಸರಿನ ಮಕ್ಕಳಿಗೆಂದೇ ಮನೆ ತೆರೆಯಿತು. ಆಸ್ಪತ್ರೆಯ ಸಮಾಜ ಕಾರ್ಯಕರ್ತರು ಕಳಿಸಿಕೊಟ್ಟರೆ ಮಗು ಮತ್ತು ತಂದೆತಾಯಿಗೆ ಒಂದು ಕೋಣೆ, ಬಾಡಿಗೆ ಇಲ್ಲ. ಆಸ್ಪತ್ರೆಗೆ ಹೋಗಿಬರಲು ಗಾಡಿ ಇದೆ. ಮಕ್ಕಳಿಗೆ ಪಾಠ ಇದೆ, ಅಪ್ಪ ಅವ್ವಂದಿರ ಜೊತೆ ಕೂತು ಮಾತಾಡುವವರಿದ್ದಾರೆ. ಹಾರ್ಬರ್ ಲೈನಿನ ಕಾಟನ್ ಗ್ರೀನ್‌ನಲ್ಲಿ ಬಂದರು ಟ್ರಸ್ಟಿನ ಹಳೆಯ ಕಟ್ಟಡಗಳೇ ಈಗ ಇಂಥ ಮನೆಗಳಾಗಿವೆ. ನಮ್ಮ ಹುಡುಗನಿಗೂ ಮೂರು ವಾರ ಕಾದ ಮೇಲೆ ಜಾಗ ಸಿಕ್ಕಿತು.

ಅಲ್ಲಿ ನನಗೆ ಹಿಡಿಸಿದ್ದು ಅಡುಗೆಮನೆ. ತಯಾರಾದ ಊಟ ತಂದು ಬಡಿಸುವುದು ಸುಲಭವಿತ್ತು, ಆದರೆ ಅವರು ಹಾಗೆ ಮಾಡಲಿಲ್ಲ. ದೊಡ್ಡದೊಂದು ಅಡುಗೆಮನೆಯಲ್ಲಿ ಪ್ರತಿ ಕುಟುಂಬಕ್ಕೂ ಅದರದೇ ಒಲೆ ಕೊಟ್ಟು, ರೇಷನ್ ಕೊಟ್ಟು, ನಿಮ್ಮ ಮಗುವಿಗೆ ನೀವೇ ಮಾಡಿ ಹಾಕಿ ಎಂದರು. ಬಿಸಿಯಾಗಿ, ಆಗಷ್ಟೇ ಮಾಡಿದ್ದು ಮಾತ್ರ, ಹಸಿಯಾದದ್ದು ಬೇಡ, ತಂಗಳು ಬೇಡ. ಕೀಮೋದಿಂದ ಬಾಯಿಯೆಲ್ಲ ಹುಣ್ಣಾಗಿ ಏನನ್ನೂ ಒಲ್ಲೆ ಎನ್ನುತ್ತಿದ್ದ ಹುಡುಗ ಅವ್ವ ಹಾಲಿನಲ್ಲಿ ಕಿವುಚಿಕೊಟ್ಟ ಜೋಳದ ರೊಟ್ಟಿಯನ್ನು ಎರಡು ತುತ್ತು ನುಂಗಿದ. ಎಡಕ್ಕೆ ಮಾಲ್ದಾದ ಹೆಂಗಸು ಅನ್ನ ಬಸಿಯುತ್ತಿದ್ದಳು, ಬಲಕ್ಕೆ ದರಭಂಗಾದವಳು ಖಿಚಡಿ ತಿರುವುತ್ತಿದ್ದಳು, ನಡುವೆ ನಮ್ಮವಳು ರೊಟ್ಟಿ ಬಡಿಯುವ ಸಪ್ಪಳ. ವಾರದ ಹಿಂದೆ ನಮ್ಮ ಮನೆಯ ಮೂಲೆಯಲ್ಲಿ ಸೆರಗು ಬಾಯಿಗೊತ್ತಿ ಕೂತಿರುತ್ತಿದ್ದ ಹೆಣ್ಣುಮಗಳು ಇವಳೇನಾ ಅನಿಸಿತು. ಕೈಗೆ ಕೆಲಸ ಬಂದಿತ್ತು. ಮಗನಿಗಾಗಿ ತಾನೂ ಏನೋ ಮಾಡುತ್ತಿದ್ದೇನೆ ಎಂಬ ಧೈರ್ಯ ಬಂದಿತ್ತು. ಇದನ್ನು ಯೋಚಿಸಿದವರಿಗೆ ನಾನು ಕೈಮುಗಿಯುತ್ತೇನೆ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. 2009ರ ಹೊತ್ತಿಗೆ ಟಾಟಾ ಆಸ್ಪತ್ರೆಗೆ ಬರುತ್ತಿದ್ದ ಮಕ್ಕಳಲ್ಲಿ 100ಕ್ಕೆ ಸುಮಾರು 20 ಮಂದಿ ಚಿಕಿತ್ಸೆ ಬೇಡವೆಂದು ಅಥವಾ ಅರ್ಧಕ್ಕೇ ಬಿಟ್ಟು ಊರಿಗೆ ಮರಳುತ್ತಿದ್ದರು. ಅಲ್ಲಿಯ ಮಕ್ಕಳ ವಿಭಾಗದವರು ಇದನ್ನು ಬಡವರ ಹಣೆಬರಹ ಎಂದು ತಳ್ಳಿಹಾಕದೆ ತಮ್ಮ ಆಸ್ಪತ್ರೆಯ ಸೋಲು ಎಂದೇ ಎಣಿಸಿದರು. ಇಂಪ್ಯಾಕ್ಟ್ ಎಂಬ ತಂಡ ಕಟ್ಟಿ ದುಡ್ಡು, ವಸತಿ, ಆಹಾರ, ರಕ್ತ, ಸಮಾಲೋಚನೆ ಎಲ್ಲವನ್ನೂ ಒಂದೇ ಕಡೆ ತಂದರು. ಬರಬೇಕಾದ ದಿನ ಬಾರದ ಮಗುವಿನ ಮನೆಗೆ ಫೋನ್ ಹೋಗತೊಡಗಿತು. ಬಿಟ್ಟುಹೋಗುವವರು 100ಕ್ಕೆ 5ಕ್ಕಿಂತ ಕಡಿಮೆಯಾದರು. ಇದನ್ನು ಸಾಧಿಸಲು ಹೊಸ ಔಷಧವೇನೂ ಬೇಕಾಗಲಿಲ್ಲ.

ಜನ ಯಾಕೆ ಬಿಟ್ಟುಹೋಗುತ್ತಾರೆ ಎಂಬುದನ್ನು ನಾನು ಕಣ್ಣಾರೆ ಕಂಡೆ. ನವೆಂಬರಿನ ಕೊನೆಗೆ ಮೊದಲ ಹಂತ ಮುಗಿಯಿತು. ಡಾಕ್ಟರು 'ರಿಮಿಷನ್' ಎಂದರು, ಅಂದರೆ ರಕ್ತದಲ್ಲಿ, ಮಜ್ಜೆಯಲ್ಲಿ ರೋಗ ಸದ್ಯ ಕಾಣುತ್ತಿಲ್ಲ. ಹುಡುಗ ಓಡಾಡುತ್ತಿದ್ದ, ಉಣ್ಣುತ್ತಿದ್ದ. ತಂದೆ ಅವತ್ತೇ ಚೀಲ ಕಟ್ಟಿದ. "ಆರಾಮ ಆಗ್ಯಾನಲ್ರೀ. ತೊಗರಿ ರಾಶಿ ಬಂದದ, ಮನ್ಯಾಗ ಮುದುಕಿ ಒಬ್ಬಾಕೀನೇ ಅದಾಳ, ಸಾಲದಾಂವ ಕುಂತಾನ." ಅವನು ಹೇಳಿದ ಒಂದೊಂದೂ ನಿಜ. ಸಮಾಜ ಕಾರ್ಯಕರ್ತೆ ಗದರಲಿಲ್ಲ, ಕೂಡಿಸಿಕೊಂಡಳು, ನನ್ನನ್ನು ಕನ್ನಡದಲ್ಲಿ ಹೇಳಲು ಕರೆದಳು. ಒಂದು ತಾಸು ಮಾತಾಡಿದೆವು. ನಾನು ಹಿಂದಿಯಿಂದ ಕನ್ನಡಕ್ಕೆ ತಂದು ಹೇಳುತ್ತಿದ್ದ ಮಾತು ಅವನಿಗೆ ನಾಟುತ್ತಿರಲಿಲ್ಲ. ಕೊನೆಗೆ ಅವನೇ ಅಂದ: "ಅಂದ್ರ ಹೊಲದಾಗಿನ ಕರಕಿ ಇದ್ದಂಗ. ಮ್ಯಾಲಿಂದು ಕಿತ್ತೀವಿ, ಬೇರು ಒಳಗ ಅದ." ಹೌದು, ಅದೇ. ತಾಯಿ ಮಗ ಉಳಿದರು, ಅವನೊಬ್ಬನೇ ರಾಶಿ ಮಾಡಲು ಹೋಗಿ ಸಂಕ್ರಾಂತಿಗೆ ಮರಳಿದ. ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರಿನಲ್ಲಿ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗಾರನಿಗೆ 75 ಪ್ರತಿಶತ ರಿಯಾಯಿತಿ ಇದೆ ಎಂಬ ಸಂಗತಿಯೂ ಅವನಿಗೆ ಗೊತ್ತಾದದ್ದು ಅದೇ ಮೇಜಿನ ಮುಂದೆ.

ಇದಕ್ಕೆ ನಾಲ್ಕು ವರ್ಷ ಮೊದಲು ಅದೇ ತಾಲ್ಲೂಕಿನ ಇನ್ನೊಂದು ಕೂಸು, ಹೆಣ್ಣು ಕೂಸು, ನಮ್ಮ ರಾಜ್ಯದ್ದೇ ಒಂದು ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿತ್ತು. ಹೆಸರು ಹೇಳುವುದಿಲ್ಲ. ಡಾಕ್ಟರುಗಳು ಒಳ್ಳೆಯವರು, ಔಷಧಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಅಪ್ಪ ಹೊರಗೆ ಕಾರಿಡಾರಿನಲ್ಲಿ ಮಲಗುತ್ತಿದ್ದ, ರಾತ್ರಿ ಕಾವಲಿನವನು ಎಬ್ಬಿಸಿ ಕಳಿಸುತ್ತಿದ್ದ. ರೋಗದ ಬಗ್ಗೆ ಹೇಳಿದ್ದು ಬಾಗಿಲ ಬಳಿ ನಿಂತು, ಎರಡು ನಿಮಿಷ. ಮೂರನೆಯ ತಿಂಗಳು ಅವರು ಹೋಗಲಿಲ್ಲ. ಯಾರೂ ಫೋನ್ ಮಾಡಲಿಲ್ಲ. ಆ ಮಗು ಈಗ ಇಲ್ಲ. ಊರವರು ತಂದೆಯನ್ನೇ ಬೈದರು, ನಾನೂ ಬೈದವನೇ. ಟಾಟಾದ ಆ ಮೇಜಿನ ಮುಂದೆ ಕೂತಾಗ ಆ ಬೈಗುಳ ನೆನಪಾಗಿ ತಲೆ ಎತ್ತಲಾಗಲಿಲ್ಲ.

ನಮ್ಮ ನಾಡಿನಲ್ಲಿ ಏನೂ ಇಲ್ಲ ಎನ್ನುತ್ತಿಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗವಿದೆ, ಧರ್ಮಶಾಲೆ ಇದೆ. ಅಲ್ಲಿಯ ಮಕ್ಕಳಿಗೆ ಸಮೀಕ್ಷಾ ಫೌಂಡೇಶನ್ನಿನವರು ಪಾಠ ಹೇಳುತ್ತ ಬಂದಿದ್ದಾರೆ. ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಅಲ್ಲೇ ಸಮೀಪ. ಕಲಬುರಗಿಯಲ್ಲೇ ಕಿದ್ವಾಯಿಯ ಶಾಖೆ ಇದೆ. ಬಿಪಿಎಲ್ ಮನೆಗಳ ದೊಡ್ಡ ಕಾಯಿಲೆಗಳಿಗೆ ಸರ್ಕಾರವೇ ದುಡ್ಡು ಕಟ್ಟುವ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಶುರುವಾದದ್ದು ನಮ್ಮ ಕಲಬುರಗಿ ವಿಭಾಗದಲ್ಲೇ. ಈಗ ಆಯುಷ್ಮಾನ್ ಕಾರ್ಡಿನ ಮೇಲೆ ವರ್ಷಕ್ಕೆ ಮನೆಗೆ 5 ಲಕ್ಷ. ಚಿಕಿತ್ಸೆಯ ಬಿಲ್ಲಿಗೆ ನಮ್ಮ ಸರ್ಕಾರ ಕೊಟ್ಟಿರುವ ಗಮನ ಸಣ್ಣದಲ್ಲ. ಆದರೆ ಕಾರ್ಡು ತೀರಿಸುವುದು ಆಸ್ಪತ್ರೆಯ ಬಿಲ್ಲನ್ನು. ಆರು ತಿಂಗಳ ಕೂಲಿ, ಕೋಣೆ ಬಾಡಿಗೆ, ಊರಲ್ಲಿ ಅಜ್ಜಿಯ ಕೈಗೆ ಬಿಟ್ಟುಬಂದ ಇನ್ನೊಂದು ಮಗು, ಇವು ಆ ಕಾರ್ಡಿನೊಳಗೆ ಬರುವುದಿಲ್ಲ. ಕುಟುಂಬಗಳು ಸೋಲುವುದು ಅಲ್ಲಿಯೇ. ಹೆಣ್ಣುಮಗುವಾದರೆ ಇನ್ನೂ ಬೇಗ ಸೋಲುತ್ತಾರೆ. ದೇಶದ ಆಸ್ಪತ್ರೆಗಳ ದಾಖಲೆಗಳಲ್ಲೂ ಕ್ಯಾನ್ಸರ್ ಚಿಕಿತ್ಸೆಗೆ ಬರುವ ಹೆಣ್ಣುಮಕ್ಕಳ ಸಂಖ್ಯೆ ಗಂಡುಮಕ್ಕಳಿಗಿಂತ ಕಡಿಮೆಯೇ ಇದೆ.

ಒಂದು ವಿಷಯದಲ್ಲಿ ನಾವು ಮೊದಲಿನಿಂದ ಶ್ರೀಮಂತರು ಎಂಬುದನ್ನೂ ಹೇಳಬೇಕು. ಇಂಗ್ಲೆಂಡಿನಲ್ಲಿ 1950ರ ದಶಕದಲ್ಲೂ ಬಹಳಷ್ಟು ಆಸ್ಪತ್ರೆಗಳು ಮಗುವನ್ನು ಒಳಗೆ ತೆಗೆದುಕೊಂಡು ಅಪ್ಪ ಅವ್ವನನ್ನು ಹೊರಗೆ ನಿಲ್ಲಿಸುತ್ತಿದ್ದವು, ನಿಗದಿಯಾದ ಹೊತ್ತಿಗಷ್ಟೇ ಭೇಟಿ. ಅದು ತಪ್ಪು, ತಂದೆತಾಯಿ ಯಾವಾಗ ಬೇಕಾದರೂ ಬಂದು ಹೋಗಲಿ, ಚಿಕ್ಕ ಮಕ್ಕಳ ತಾಯಂದಿರು ಜೊತೆಗಿರಲಿ ಎಂದು ಅಲ್ಲಿ ಪ್ಲಾಟ್ ಸಮಿತಿ ವರದಿ ಕೊಟ್ಟದ್ದು 1959ರಲ್ಲಿ. ನಮ್ಮಲ್ಲಿ ಇಂಥ ವರದಿ ಬೇಕಾಗಲೇ ಇಲ್ಲ. ಕೂಸಿನ ಮಂಚದ ಕೆಳಗೆ ಚಾಪೆ ಹಾಸಿ ಅವ್ವ ಮಲಗಿಯೇ ಇರುತ್ತಾಳೆ. ಸಲಾಯಿನ್ ಮುಗಿದರೆ ನರ್ಸಮ್ಮನನ್ನು ಕೂಗುವವಳು, ಮಾತ್ರೆ ನುಂಗಿಸುವವಳು, ವಾಂತಿ ಬಳಿಯುವವಳು ಅವಳೇ. ವಾರ್ಡು ನಡೆಯುವುದೇ ಅವಳಿಂದ. ಹಾಗಿದ್ದರೆ ಅವಳಿಗೊಂದು ಮಡಿಸುವ ಮಂಚ, ಸ್ನಾನಕ್ಕೆ ಚಿಲಕವಿರುವ ಬಾಗಿಲು, ಎರಡು ಹೊತ್ತಿನ ಊಟವನ್ನು ವಾರ್ಡಿನ ಲೆಕ್ಕದಲ್ಲೇ ಯಾಕೆ ಬರೆಯಬಾರದು? ರಾಜ್ಯದ ಯಾವ ಆರೋಗ್ಯ ಮಂತ್ರಿ ಬಂದರೂ ನಾನು ಕೇಳುವುದು ಇಷ್ಟು: ಮಕ್ಕಳ ಹಾಸಿಗೆ ಎಷ್ಟು ಎಂದು ಹೇಳುವಾಗ ಜೊತೆಗಿರುವವರ ಹಾಸಿಗೆ ಎಷ್ಟು ಎಂದೂ ಹೇಳಿ. ಚಿಕಿತ್ಸೆ ಶುರು ಮಾಡಿದವರೆಷ್ಟು ಎಂಬುದರ ಪಕ್ಕದಲ್ಲಿ ಮುಗಿಸಿದವರೆಷ್ಟು ಎಂದೂ ಬರೆಯಿರಿ.

ಮುಂಬೈಯಲ್ಲಿ ನಾನು ಕಂಡ ಕೊರತೆ ಭಾಷೆ. ಹಿಂದಿ, ಮರಾಠಿ ಬಂದರೆ ದಾರಿ ಸಿಗುತ್ತದೆ. ಬಂಗಾಳಿಗಳು ಬಹಳ ಮಂದಿ ಬರುವುದರಿಂದ ಅವರಿಗೆ ಅವರವರೇ ಆಸರೆ. ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಮಾತ್ರ ಡಾಕ್ಟರ ಮುಂದೆ ತಲೆಯಾಡಿಸಿ ಬಂದು, ಹೊರಗೆ ನಿಂತು "ಏನಂದ್ರ್ರೀ?" ಎಂದು ಕೇಳುತ್ತಾರೆ. ಇದಕ್ಕೆ ಹೊಣೆ ಆಸ್ಪತ್ರೆಗಿಂತ ಹೆಚ್ಚು ನಮ್ಮದು. ಈ ನಗರದಲ್ಲಿ ಮೈಸೂರು ಅಸೋಸಿಯೇಷನ್ ಇದೆ, ಕರ್ನಾಟಕ ಸಂಘವಿದೆ, ಉಪನಗರಕ್ಕೊಂದು ಕನ್ನಡ ಬಳಗವಿದೆ. ನಾಟಕ, ರಾಜ್ಯೋತ್ಸವ, ಯಕ್ಷಗಾನ ಎಲ್ಲವೂ ಬೇಕು, ನಾನೂ ಮುಂದಿನ ಸಾಲಿನಲ್ಲಿ ಕೂರುವವನೇ. ಅದರ ಜೊತೆಗೆ ವಾರಕ್ಕೊಂದು ದಿನ ಪರೇಲಿಗೆ ಬಂದು ಕನ್ನಡದಲ್ಲಿ ಎರಡು ಮಾತು ಹೇಳುವ ಇಪ್ಪತ್ತು ಜನ ಸಿಗುವುದಿಲ್ಲವೇ? ನಿವೃತ್ತ ಬ್ಯಾಂಕಿನವರು, ಹೋಟೆಲಿನವರು, ಕನ್ನಡ ಶಾಲೆಯ ಮೇಷ್ಟ್ರುಗಳು. ಓದು ನಿಂತುಹೋದ ನಮ್ಮ ಮಕ್ಕಳಿಗೆ ಎರಡನೆಯ ತರಗತಿಯ ಕನ್ನಡ ಪುಸ್ತಕ ಹಿಡಿದು ಕೂರುವ ಒಬ್ಬ ಟೀಚರು.

ಸದ್ಯಕ್ಕೆ ನಾನೊಬ್ಬ, ಘಾಟಕೋಪರಿನ ಗೆಳೆಯ ಒಬ್ಬ, ಇಬ್ಬರೇ ಹೋಗುತ್ತೇವೆ. ಕೀಮೋ ಮಕ್ಕಳ ತಾಯಂದಿರಿಗೆ ಮೊದಲು ಗೊತ್ತಿರಬೇಕಾದ್ದನ್ನು ನಮ್ಮ ಕಡೆಯ ಮಾತಿನಲ್ಲಿ ದೊಡ್ಡಕ್ಷರದಲ್ಲಿ ಒಂದು ಹಾಳೆಯ ಮೇಲೆ ಬರೆದು, ಡಾಕ್ಟರಿಗೆ ಓದಿಹೇಳಿ ಒಪ್ಪಿಗೆ ಪಡೆದೆವು. ಮೊದಲ ಸಾಲು: "ಜ್ವರ 100.4 ದಾಟಿದರ ಮನ್ಯಾಗ ಗುಳಗಿ ನುಂಗಿಸಿ ಕಾಯಬ್ಯಾಡ್ರಿ, ಹೊತ್ತು ರಾತ್ರಿ ಅನ್ನದ ದವಾಖಾನಿಗೆ ಬರ್ರಿ." ಸೇಡಮ್ಮಿನ ಹುಡುಗನ ಕೀಮೋ ಮುಗಿದು ಎರಡು ವರ್ಷವಾಯಿತು, ಈಗ ಬರೀ ತಪಾಸಣೆಗೆ ಬಂದುಹೋಗುತ್ತಾನೆ. ಹೋದ ತಿಂಗಳು ಬಂದಾಗ ಅವನ ಅವ್ವ ಆ ಹಾಳೆಯ ಐವತ್ತು ಪ್ರತಿ ಚೀಲದಲ್ಲಿ ಇಟ್ಟುಕೊಂಡು ಹೋದಳು, ತಾಲ್ಲೂಕು ದವಾಖಾನೆಯ ಗೋಡೆಗೆ ಒಂದು, ಉಳಿದವು ಆಶಾ ಕಾರ್ಯಕರ್ತೆಯರಿಗೆ ಎಂದು.