ಮುಖದ ಮೂಳೆ ಮುರಿಯುವ ದಾರಿ

ಮುಖದ ಮೂಳೆಗಳ ಮುರಿತದ ಕುರಿತು ಓದಿದ ಒಂದು ಲೇಖನದಲ್ಲಿ, ಆ ಮೂಳೆಗಳು ತೆಳುವಾಗಿರುವುದು ದೇಹರಚನೆಯ ದೋಷವೆಂಬ ಅರ್ಥ ಬರುವಂತೆ ಲೇಖಕರು ಬರೆದಿದ್ದಾರೆ. ಆ ಒಂದು ಮಾತನ್ನು ನಾನು ಒಪ್ಪಲಾರೆ. ಫ್ರಾನ್ಸಿನ ಶಸ್ತ್ರವೈದ್ಯ ರೆನೆ ಲೆ ಫೋರ್ ಅವರು ಶವಗಳ ತಲೆಗಳಿಗೆ ನಾನಾ ಬಗೆಯಲ್ಲಿ ಪೆಟ್ಟು ಕೊಟ್ಟು, ಬಳಿಕ ಮಾಂಸವನ್ನು ಬಿಡಿಸಿ ಪರೀಕ್ಷಿಸಿ, 1901ರಲ್ಲಿ ಪ್ರಕಟಿಸಿದ ಫಲಿತಾಂಶವೇನೆಂದರೆ, ಮೇಲ್ದವಡೆ ಮತ್ತು ಅದರ ಸುತ್ತಲಿನ ಮೂಳೆಗಳು ಮನಬಂದಂತೆ ಚೂರಾಗದೆ ಬಹುಮಟ್ಟಿಗೆ ಮೂರು ನಿರ್ದಿಷ್ಟ ರೇಖೆಗಳಲ್ಲೇ ಬಿರುಕು ಬಿಡುತ್ತವೆ. ಇಂದಿಗೂ ಸಿ.ಟಿ. ಸ್ಕ್ಯಾನ್ ವರದಿಗಳಲ್ಲಿ ಅವರ ಹೆಸರೇ ಬರುತ್ತದೆ. ಜಗಿಯುವ ಬಲವನ್ನು ಹೊರುವ ಕಂಬಗಳಂಥ ಭಾಗಗಳು ಮುಖದಲ್ಲಿ ಗಟ್ಟಿಯಾಗಿಯೇ ಇವೆ. ಆದರೆ ಎದುರಿನಿಂದ ಬರುವ ಪೆಟ್ಟಿಗೆ ಅವು ಮಣಿಯುತ್ತವೆ, ಹಾಗೆ ಮುರಿಯುವಾಗ ಪೆಟ್ಟಿನ ಶಕ್ತಿಯ ಒಂದು ಪಾಲು ಅಲ್ಲೇ ವ್ಯಯವಾಗುತ್ತದೆ. (ಇದರಿಂದ ಮಿದುಳಿಗೆ ಏನೂ ಆಗದೆಂದು ತಿಳಿಯಬಾರದು, ಮುಖದ ಗಾಯದೊಂದಿಗೆ ತಲೆಗೆ ಒಳಪೆಟ್ಟು ಬಿದ್ದಿರುವುದು ಅಪರೂಪವಲ್ಲ.)

ಕೆಳದವಡೆಯ ವಿಷಯ ಇನ್ನೂ ಕುತೂಹಲಕರ. ನನ್ನ ಸೋದರಳಿಯ ಸೈಕಲ್ಲಿನಿಂದ ಮುಗ್ಗರಿಸಿ ಬಿದ್ದಾಗ ಗದ್ದಕ್ಕೆ ಮೂರು ಹೊಲಿಗೆ ಹಾಕಿ ಮನೆಗೆ ಕಳುಹಿಸಿದ್ದರು. ಮರುದಿನ ಬಾಯಿ ತೆರೆದರೆ ಗದ್ದ ಎಡಕ್ಕೆ ವಾಲುತ್ತಿತ್ತು, ಇಡ್ಲಿ ಕಚ್ಚಿದರೂ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಸರಿಯಾಗಿ ಕೂಡುತ್ತಿರಲಿಲ್ಲ. ಪೆಟ್ಟು ಬಿದ್ದದ್ದು ಗದ್ದಕ್ಕಾದರೂ ಮುರಿದದ್ದು ಎಡಗಿವಿಯ ಮುಂದೆ, ದವಡೆಯ ಕೀಲಿನ ಕೆಳಗಿರುವ ಸಣ್ಣ ಕತ್ತು. ಅದು ಮುರಿಯದೆ ನಿಂತಿದ್ದರೆ ಕೀಲಿನ ತುದಿ ತಲೆಬುರುಡೆಯ ತಳಕ್ಕೇ ನುಗ್ಗುವ ಅಪಾಯವಿತ್ತೆಂದು ದಂತವೈದ್ಯರು ವಿವರಿಸಿದರು.

ನಿಜಕ್ಕೂ ಅಂಜಬೇಕಾದ ತೆಳು ಜಾಗ ಕಣತಲೆಯದು. ಅಲ್ಲಿ ಮೂಳೆ ಒಡೆದರೆ ಅದರ ಒಳಮೈಯಲ್ಲಿ ಹಾಯುವ ರಕ್ತನಾಳ ಹರಿದು, ಗಾಯಾಳು ಮೊದಲು ಚೆನ್ನಾಗಿಯೇ ಮಾತನಾಡುತ್ತಿದ್ದು ಕೆಲವು ಗಂಟೆಗಳಲ್ಲಿ ಪ್ರಜ್ಞೆ ತಪ್ಪಬಹುದು. ಲೇಖನದಲ್ಲಿ ಇದರ ಪ್ರಸ್ತಾಪವೇ ಇಲ್ಲ.