ಆ 120 ದಿನದ ಲೆಕ್ಕ ತಪ್ಪು, ಫಾರ್ವರ್ಡ್ ಮಾಡ್ಬೇಡಿ

ಅಮೆರಿಕಾ ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕಿ 120 ದಿನದೊಳಗೆ ಇಂಟರ್‌ವ್ಯೂಗೆ ಕರೀದಿದ್ರೆ ತಾನಾಗೇ ಸಿಟಿಜನ್ ಆದಂಗೆ ಅಂತ ಒಂದು ಮೆಸೇಜ್ ನಮ್ಮ ದಾವಣಗೆರೆ ಗ್ರೂಪ್‌ಗಳಲ್ಲಿ ಓಡಾಡ್ತಿದೆ, ಮೊನ್ನೆ ಅದನ್ನ ಹಾಕಿದೋನು ನಾನೇ, ತಪ್ಪಾಯ್ತು. ಆ 120 ದಿನ ಶುರುವಾಗೋದು ಎನ್-400 ಫಾರ್ಮ್ (ಸಿಟಿಜನ್‌ಶಿಪ್ ಅರ್ಜಿ) ಹಾಕಿದಾಗಿಂದ ಅಲ್ಲ, ಇಂಟರ್‌ವ್ಯೂ ಆದ ದಿನದಿಂದ. ಅಷ್ಟರಲ್ಲಿ ತೀರ್ಮಾನ ಬರ್ಲಿಲ್ಲ ಅಂದ್ರೆ ಅಲ್ಲಿನ ಫೆಡರಲ್ ಜಿಲ್ಲಾ ಕೋರ್ಟಿಗೆ ಹೋಗಬಹುದು, ಅಷ್ಟೇ. ಅವರ ವಲಸೆ ಕಾನೂನಿನ 336ನೇ ಸೆಕ್ಷನ್‌ನಲ್ಲಿ ಇರೋದು ಇದೇ. ತಾನಾಗೇ ಯಾವ್ದೂ ಆಗಲ್ಲ. ಪಿ.ಜೆ. ಬಡಾವಣೆ ದೊಡ್ಡಮ್ಮ ಪಾಪ ಅದನ್ನ ನಂಬಿ, ಮಗನಿಗಿನ್ನೂ ಇಂಟರ್‌ವ್ಯೂ ಲೆಟರ್ರೇ ಬಂದಿಲ್ಲ, ಆಗ್ಲೇ ಒಂದು ಕೇಜಿ ಪೇಡಾ ತಂದು ಓಣಿಗೆಲ್ಲ ಹಂಚಿಬಿಟ್ಟಿದ್ರು (ನಾನೂ ಎರಡು ತಿಂದೆ). ನನ್ನ ಮೆಸೇಜ್ ಡಿಲೀಟ್ ಮಾಡಿದೀನಿ, ನಿಮ್ಮತ್ರ ಇದ್ರೆ ದಯವಿಟ್ಟು ಮುಂದೆ ಕಳಿಸ್ಬೇಡಿ.