ಅಳಿಯಾ ತಿರುವಿದ ನಳಾ

ಬ್ಯಾರೆ ಊರಾಗ ವಾರಕ್ಕ ಏಳು ದಿನ ಇರ್ತಾವ. ನಮ್ಮ ಹುಬ್ಬಳ್ಳ್ಯಾಗ ಎರಡ ದಿನ: ನಳಾ ಬರೋ ದಿನ, ನಳಾ ಬರದ ದಿನ. ಅಡಗಿ ಮನಿ ಬಾಗಲಕ್ಕ ತೂಗಹಾಕಿದ ಕ್ಯಾಲೆಂಡರಿನಾಗ ಅವ್ವ ಏಕಾದಶಿ, ಅಮಾಸಿ ಪಕ್ಕದಾಗ ಕೆಂಪು ಪೆನ್ನಿನಿಂದ 'ನ' ಅಂತ ಬರದಿಟ್ಟಿರ್ತಾಳ. ಯಾರರ ಬೀಗರು ಬರ್ತೀವಿ ಅಂತ ಫೋನ್ ಮಾಡಿದ್ರ, ಮೊದ್ಲ ಆ 'ನ' ಎಲ್ಲೈತಿ ನೋಡಿ, "ಗುರುವಾರ ಬ್ಯಾಡ್ರಿ, ಭಾನುವಾರ ಬರ್ರಿ, ನೀರು ಬಂದಿರ್ತಾವ" ಅಂತ ಹೇಳ್ತಾಳ. ನನ್ನ ಮದುವಿ ಮಾತುಕತಿ ಎರಡ ಸಲ ಮುಂದಕ್ಕ ಹೋಗಿದ್ದು ಜಾತಕದ ಸಲುವಾಗಿ ಅಲ್ಲ.

ನಮಗ ಕುಡಿಯಾಕ ಬರೂದು ಸವದತ್ತಿ ಹತ್ರ ನವಿಲುತೀರ್ಥದಾಗ ಕಟ್ಟಿ ನಿಲ್ಲಿಸಿದ ಮಲಪ್ರಭಾ ಹೊಳಿ ನೀರು, ಅದರ ಜೋಡಿ ನೀರಸಾಗರದ ಕೆರಿದು. 2008ರಾಗ ಊರಿನ ಕೆಲವೊಂದು ವಾರ್ಡಿಗೆ 24 ತಾಸು ನೀರು ಬಿಡಾಕ ಚಾಲೂ ಮಾಡಿದ್ರು. ನಮ್ಮ ಸ್ವಾದರ ಮಾವನ ಮನಿ ಅಂಥಾ ವಾರ್ಡಿನಾಗ ಬಂತು. ಅವತ್ತಿನಿಂದ ಅಂವ ನಮ್ಮನ್ನ ಅಮೇರಿಕಾದಾಗ ಮಗಾ ಇದ್ದಾಂವ ಊರ ಮಂದೀನ ನೋಡಿದಂಗ ನೋಡ್ತಾನ.

ಇಂಥಾ ಊರಾಗ ದೀಪಾವಳಿ ಶುರು ಆಗೂದ ನೀರು ತುಂಬೋ ಹಬ್ಬದಿಂದ. ನರಕ ಚತುರ್ದಶಿ ಹಿಂದಿನ ದಿನ ಹಂಡೆ, ಕೊಡ ಎಲ್ಲಾ ಹುಣಸಿಹಣ್ಣು ಹಚ್ಚಿ ತಿಕ್ಕಬೇಕು, ಸುಣ್ಣದ ಪಟ್ಟಿ ಬಳೀಬೇಕು, ಕುಂಕುಮ ಇಟ್ಟು ಚೆಂಡು ಹೂವಿನ ಮಾಲಿ ಕಟ್ಟಬೇಕು, ಸಂಜಿಮುಂದ ನೀರು ತುಂಬಿ ಪೂಜಿ ಮಾಡಬೇಕು. ಮರುದಿನ ನಸುಕಿನ್ಯಾಗ ಅದ ನೀರು ಕಾಸಿ ಎಣ್ಣಿ ಜಳಕ. ಕೃಷ್ಣ ನರಕಾಸುರನ್ನ ಕೊಂದು ಬಂದು ಮೈಮ್ಯಾಲಿನ ರಕ್ತ ತೊಳಕೊಂಡಿದ್ದು ಹಿಂಗ ಅಂತ ಆಯಿ ಹೇಳ್ತಾಳ. ಕೃಷ್ಣಂದು ದ್ವಾರಕಿ, ಸಮುದ್ರದ ದಂಡಿ. ಅವಂಗೇನ್ರಿ ತೊಂದ್ರಿ?

2023ರ ದೀಪಾವಳಿ ನನ್ನ ತಂಗಿ ಮದುವಿ ಆದಮ್ಯಾಲ ಬಂದ ಮೊದಲನೇ ದೀಪಾವಳಿ. ಅಂದ್ರ ಅಳಿಯಾರನ್ನ ಕರಿಬೇಕು, ಮಣಿಮ್ಯಾಲ ಕೂಡಿಸಿ ಎಣ್ಣಿ ಹಚ್ಚಬೇಕು, ಆರತಿ ಮಾಡಬೇಕು, ಆಯೇರಿ ಕೊಡಬೇಕು. ಆ ವರ್ಷ ಮಳಿ ಬ್ಯಾರೆ ಕೈಕೊಟ್ಟಿತ್ತು. ನಳಾ ಬಂದು ಹೋಗಿದ್ದು ನವೆಂಬರ್ 5ಕ್ಕ. ಅವ್ವನ ಲೆಕ್ಕದಾಗ ಮುಂದಿನ 'ನ' ಶನಿವಾರ 11ಕ್ಕ, ಬರೋಬ್ಬರಿ ನೀರು ತುಂಬೋ ದಿನಾನ. "ನೋಡು, ದೇವ್ರು ಕಣ್ಣು ಮುಚ್ಚಿಲ್ಲ" ಅಂತ ವಾರಗಟ್ಟಲೆ ಹೇಳ್ಕೋತ ಅಡ್ಡಾಡಿದ್ಲು.

ಶನಿವಾರ ಮುಂಜಾನೆ ಹತ್ತಾತು, ಹನ್ನೆರಡಾತು. ನಳದಿಂದ ಬಂದಿದ್ದು ಒಂದು 'ಸುಂಯ್' ಅನ್ನೂ ಗಾಳಿ ಅಷ್ಟ. ಓಣಿ ವಾಟ್ಸಾಪ್ ಗ್ರೂಪಿನಾಗ ನಲವತ್ತು ಮಂದಿ ದೀಪಾವಳಿ ಶುಭಾಶಯದ ದೀಪದ ಚಿತ್ರ ಕಳಿಸಿದ್ರು, ನಡುವ ಯಾರೋ ಒಬ್ರು "ಪೈಪ್ ಒಡದೈತಂತ, ಇನ್ನೂ ಎರಡು ದಿನಾ ಇಲ್ಲ" ಅಂತ ಹಾಕಿದ್ರು. ಅದಕ್ಕೂ ಮೂರು ಮಂದಿ ಕೈ ಮುಗಿದ್ರು. ನೀರು ಬಿಡಾಂವನ ಫೋನು ಬಂದ್. ನಮ್ಮೂರಾಗ ಅವನ ಫೋನ್ ನಂಬರ್ ಇದ್ದೋರು ದೊಡ್ಡ ಮಂದಿ, ಅಂವ ಫೋನ್ ಎತ್ತಿದ್ರ ಇನ್ನೂ ದೊಡ್ಡ ಮಂದಿ.

ಹಂಡೆ ಮಾತ್ರ ಮಾರಿ ನೋಡ್ಕೊಳ್ಳುವಷ್ಟು ಥಳಥಳ ಅಂತಿತ್ತು, ಒಳಗ ಒಂದು ಹನಿ ಇಲ್ಲ. ಅಪ್ಪ ಸ್ಕೂಟರ್ ಹತ್ತಿ, ಕಾಯಿನ್ ಹಾಕಿದ್ರ ಶುದ್ಧ ನೀರು ಬರೋ ಘಟಕದಿಂದ 20 ಲೀಟರಿನ ಎರಡು ಕ್ಯಾನ್ ತಂದ. ಒಂದು ಕುಡಿಯಾಕ ಇಟ್ಟು ಇನ್ನೊಂದನ್ನ ಅವ್ವ ಹಂಡೆಕ್ಕ ಸುರವಿದ್ಲು. ಅಷ್ಟ ದೊಡ್ಡ ಹಂಡೆದಾಗ ಆ ನೀರು ತಳಾ ಬಿಟ್ಟು ಒಂದು ಗೇಣು ಮ್ಯಾಲ ಬರಲಿಲ್ಲ. ಬಾಯಿಗೆ ತಾಟು ಮುಚ್ಚಿ, ಅದರ ಮ್ಯಾಲ ಹೂವಿಟ್ಟು, ತುಂಬಿದ ಹಂಡೆಕ್ಕ ಮಾಡಿದಂಗ ಆರತಿ ಮಾಡಿದ್ಲು. ಅರಿಷಿಣ ಕುಂಕುಮಕ್ಕ ಬಂದ ಬಾಜೂ ಮನಿ ವೈನಿ, "ಭಾಳ ಚೊಲೊ ತುಂಬೇರಿ ಬಿಡ್ರಿ" ಅಂದ್ರು. ಆಮ್ಯಾಲ ಅವ್ವ ಅವ್ರ ಮನಿಗೆ ಹೋದ್ರ, ಅವ್ರ ಹಂಡೆಕ್ಕೂ ತಾಟು ಮುಚ್ಚಿತ್ತು. ಇಬ್ರೂ ಒಬ್ರ ಹಂಡೆ ಒಬ್ರು ತಟ್ಟಿ ನೋಡಲಿಲ್ಲ. ಮರ್ಯಾದಿ ಅಂದ್ರ ಇದು.

ಅಳಿಯಾರು ಕಾರ್ ತಗೊಂಡು ಬಂದಾಗ ಸಂಜಿ ಏಳಾಗಿತ್ತು. ಅವ್ರು ಮಂಡ್ಯದ ಕಡೆಯೋರು, ಬೆಂಗಳೂರಾಗ ಹನ್ನೊಂದನೇ ಮಾಳಿಗಿ ಮ್ಯಾಲ ಮನಿ. ಒಳ್ಳೆ ಹುಡುಗ, ಕೆಲಸಕ್ಕ ಹಿಂದ ಸರಿಯಾಂವ ಅಲ್ಲ. ಬಂದಾಂವನ ಆಯಿ ಕಾಲು ಮುಟ್ಟಿ, "ಅಜ್ಜಿ, ಇಲ್ಲಿ ನಲ್ಲಿ ಎಲ್ಲಿದೆ?" ಅಂದ. ಆಯಿಗೆ ಮೊದ್ಲ ಕಿವಿ ಮಂದ. ಅದ್ರಾಗ ನಮ್ಮ ಕಡೆ 'ನಳ್ಳಿ' ಅಂದ್ರ ಮಟನ್ ಸಾರಿನ ಎಲುಬು. ಅಕಿ ಕೈಯಾಗಿನ ಜಪಮಾಲಿ ಬಿಟ್ಟು, "ಯವ್ವಾ ಶಿವನ! ಹಬ್ಬದ ದಿನ ಲಿಂಗವಂತರ ಮನ್ಯಾಗ ಏನು ಕೇಳ್ತಾನಲ್ಲೇ ಇಂವ!" ಅಂತ ಒದರಿದ್ಲು. ನಲ್ಲಿ ಅಂದ್ರ ನಳಾ ಅಂತ ತಂಗಿ ತಿಳಿಸಿ ಹೇಳೂದರಾಗ ಅಳಿಯಾರ ಮಾರಿ ಕೆಂಪಗಾಗಿತ್ತು. ಅವ್ರಿಗೆ ಬೇಕಾಗಿದ್ದು ಇಷ್ಟ, ಹಾವೇರಿ ದಾಟಿದಮ್ಯಾಲ ಕಾರಿಗೆ ಹತ್ತಿದ ಕೆಸರು ತೊಳಿಯಾಕ ಒಂದಿಷ್ಟು ನೀರು.

ನಮ್ಮ ನಳಾ ಅಂಗಳದಾಗ ಎರಡು ಫೂಟಿನ ಗುಂಡ್ಯಾಗ ಐತಿ. ಮ್ಯಾಲ ಇದ್ರ ನೀರು ಏರೂದಿಲ್ಲ. ಅದಕ್ಕ ಕಟ್ಟಿದ ಪೈಪು ಕಿಡಿಕ್ಯಾಗಿಂದ ಒಳಗ ಹೋಗಿ ಬಚ್ಚಲದ ಬ್ಯಾರಲ್ಲಿಗೆ ಬೀಳ್ತೈತಿ. ಅಳಿಯಾರು ಯಾರಿಗೂ ತ್ರಾಸು ಕೊಡಬಾರದು ಅಂತ ತಾವ ಪೈಪು ಎಳಕೊಂಡ್ರು, ಗುಂಡಿಗೆ ಇಳದು ನಳಾ ಪೂರ್ತಿ ತಿರುವಿದ್ರು. ನೀರು ಬರಲಿಲ್ಲ. ಶಿಸ್ತಿನ ಮನಶ್ಯಾ ನೋಡ್ರಿ, ಪೈಪನ್ನ ಸುರುಳಿ ಸುತ್ತಿ ಮತ್ತ ಕಿಡಿಕ್ಯಾಗ ಹಾಕಿ ಕೈ ಝಾಡಿಸಿಕೊಂಡು ಬಂದ್ರು. ಎರಡು ತಪ್ಪಾತು. ಅದು ಬಚ್ಚಲದ ಕಿಡಿಕಿ ಅಲ್ಲ, ಪಡಸಾಲಿದು. ನಳಾ ತಿರುವಿದಾಂವ ಅದನ್ನ ಬಂದ್ ಮಾಡಲಿಲ್ಲ. ಬೆಂಗಳೂರಾಗ ನೀರು ಬರದ ನಳಾನೂ ಬಂದ್ ಮಾಡಬೇಕು ಅಂತ ಕಲಿಸಿರೂದಿಲ್ಲ.

ರಾತ್ರಿ ಪಡಸಾಲ್ಯಾಗ ಸಾಲ ಹಿಡದು ಮಲಗಿದ್ವಿ. ನನ್ನ ಕನಸಿನ್ಯಾಗ ಗೋಕರ್ಣದ ಸಮುದ್ರ, ನಾನು ದಂಡಿಮ್ಯಾಲ ಕಾಲು ಚಾಚಿ ಕುಂತೇನಿ, ತೆರಿ ಬಂದು ಬಂದು ಹಿಮ್ಮಡಿಗೆ ಬಡೀಲಿಕ್ಕತ್ತಾವ. ಕನಸು ಭಾಳ ಚೊಲೊ ಇತ್ತು. ಅಷ್ಟರಾಗ ನಮ್ಮಾಕಿ ಎದ್ದು ಆರು ವರ್ಷದ ಮಗನ ಬೆನ್ನಿಗೆ ಒಂದು ಏಟು ಹಾಕಿ, "ಮತ್ತ ಮಾಡ್ಕೊಂಡ್ಯಾ ಹಾಸಿಗ್ಯಾಗ?" ಅಂದ್ಲು. ಅಂವ ನಿದ್ದಿಗಣ್ಣಿನ್ಯಾಗ ಸುತ್ತಲೂ ನೋಡಿ ಅಂದ, "ಮಮ್ಮಿ, ಇಷ್ಟು ನಾ ಒಬ್ನ ಮಾಡಾಕ ಆಗೂದಿಲ್ಲ."

ಲೈಟ್ ಹಾಕಿ ನೋಡಿದ್ರ ಪಡಸಾಲಿ ತುಂಬ ಮಲಪ್ರಭಾ. ಪೈಪು ಹಾವಿನಂಗ ಹೊಯ್ದಾಡಿಕೋತ ನೀರು ಕಾರ್ತಿತ್ತು. ಅಪ್ಪನ ಚಪ್ಪಲಿ ದೇವರ ಮನಿ ಹೊಸ್ತಿಲತನಕ ತೇಲಿ ಹೋಗಿತ್ತು. ಪೇಪರ್ ಮ್ಯಾಲ ಆರಾಕ ಹರವಿದ್ದ ಮೂರು ಕಿಲೋ ಶಂಕರಪಾಳಿ, ಕಾಟಿನ ಬುಡಕ ಇಟ್ಟಿದ್ದ ಪಟಾಕಿ ಡಬ್ಬಿ, ಅಳಿಯಾರ ಆಯೇರಿ ಪ್ಯಾಂಟಿನ ಬಟ್ಟಿ, ಎಲ್ಲಕ್ಕೂ ಅಭ್ಯಂಗ ಆಗಿತ್ತು. ಗಂಟಿ ಮೂರೂ ಹತ್ತು.

ಅಳಿಯಾರು ಗ್ವಾಡಿಗೆ ಹತ್ತಿ ನಿಂತು "ಸಾರಿ ಅತ್ತೆ, ಸಾರಿ ಅತ್ತೆ" ಅನ್ನಾಕತ್ತಿದ್ರು. ಅವ್ವಗ ಅದು ಕೇಳಿಸಲೇ ಇಲ್ಲ. ಮನಿಗೆ ಬೆಂಕಿ ಬಿದ್ದಾಗ ಒದರಿದಂಗ ಒದರಿದ್ಲು: "ನೀರು ಬಂದಾವೋ! ಏಳ್ರೋ, ನೀರು ಬಂದಾವು!"

ಆ ಧ್ವನಿಗೆ ಓಣ್ಯಾಗ ಒಂದೊಂದ ಮನಿ ದೀಪ ಹತ್ತಿದ್ವು. ದೀಪಾವಳಿ ಅನ್ನೂದು ನಮ್ಮ ಓಣ್ಯಾಗ ಆ ವರ್ಷ ಶುರು ಆಗಿದ್ದು ಹಂಗ. ಪೈಪ್ ದುರಸ್ತಿ ಆಗಿ ನಡುರಾತ್ರಿ ನೀರು ಬಿಟ್ಟಿದ್ದು ಯಾರಿಗೂ ಗೊತ್ತಿದ್ದಿಲ್ಲ, ಯಾರ ನಳಾನೂ ತೆರದಿದ್ದಿಲ್ಲ. ಬ್ಯಾರಲ್, ಕೊಡ, ಬಕೀಟ ತುಂಬಿದ್ವಿ. ಅವು ಮುಗದ ಮ್ಯಾಲ ಕುಕ್ಕರ್, ಇಡ್ಲಿ ಪಾತ್ರಿ, ಮಗನ ಟಿಫಿನ್ ಡಬ್ಬಿ, ಕಡೀಕ ಆಯಿ ಹಲ್ಲಿನ ಸೆಟ್ ಇಡೂ ಬಟ್ಟಲಾನೂ ಬಿಡಲಿಲ್ಲ. ಹಂಡೆ ಈ ಸಲ ಕಂಠಮಟ ತುಂಬಿತು. ಅವ್ವ ತಾಟು ತಗದು ಬದಿಗಿಟ್ಟು, ವೈನೀನ ಕೂಗಿ ಕರದು ತೋರಿಸಿದ್ಲು. ವೈನಿ ಈಗ ಧೈರ್ಯದಿಂದ ಹಂಡೆ ತಟ್ಟಿ ನೋಡಿದ್ರು. 'ಢಬ್' ಅಂತು.

ಹೆಂಗೂ ನಸುಕಾಗಿತ್ತು, ಮತ್ತ ಮಲಗೂ ಪ್ರಶ್ನೇನ ಇಲ್ಲ, ಹಾಸಿಗೀನೂ ಇಲ್ಲ. ಒಲಿ ಹಚ್ಚಿ ನೀರು ಕಾಸಿದ್ವಿ. ಅಳಿಯಾರನ್ನ ಮಣಿಮ್ಯಾಲ ಕೂಡಿಸಿ ಅವ್ವ ನೆತ್ತಿಗೆ ಎಣ್ಣಿ ಹಾಕಿ ತಟ್ಟೂಮುಂದ, ಅಷ್ಟು ಸಿಟ್ಟಿಗೆ ತಟ್ಟಿದ್ಲೋ ಅಷ್ಟು ಪ್ರೀತಿಗೆ ತಟ್ಟಿದ್ಲೋ ನನಗ ಇವತ್ತಿಗೂ ಗೊತ್ತಾಗಿಲ್ಲ.

ಭಾನುವಾರ ಲಕ್ಷ್ಮೀಪೂಜಿ ಮುಗೀತು. ಪಾಡ್ಯ ಮಂಗಳವಾರ, ನಡುವಿನ ಸೋಮವಾರ ಖಾಲಿ. ಮಾಳಿಗಿ ಮ್ಯಾಲ ಬಿಸಲಿಗೆ ಒಂದ ಚಾದರದ ಮ್ಯಾಲ ಶಂಕರಪಾಳಿ, ಹೂಕುಂಡ, ಸುರಸುರಬತ್ತಿ ಎಲ್ಲಾ ಹರವಿದ್ವಿ. ಸಂಜಿಗೆ ಹೂಕುಂಡ ಹಚ್ಚಿದ್ರ ಬರೇ ಹೊಗಿ. ಶಂಕರಪಾಳಿಗೆ ಮಾತ್ರ ಒಂದು ಥರಾ ಮದ್ದಿನ ವಾಸನಿ ಹತ್ತಿ, ತಿಂದೋರು ಯಾರೂ ಎರಡನೇದ್ದು ಕೇಳಲಿಲ್ಲ.

ಪಾಡ್ಯದ ದಿನ ಸಗಣಿಯೊಳಗ ಪಾಂಡವರನ್ನ ಮಾಡಿ ಬಾಗಲ ಮುಂದ ಕೂಡಸ್ಬೇಕು. ಮಾಡಿದ ತಪ್ಪು ತೊಳಕೋಬೇಕು ಅಂತನೋ ಏನೋ, ಅಳಿಯಾರು ಅಂಗಿ ತೋಳು ಮಡಚಿ ತಾವ ಕುಂತ್ರು. ಗುಡ್ಡದಂಥಾ ಪಾಂಡವರನ್ನ ಚಂದಾಗೇನ ಮಾಡಿದ್ರು, ಒಬ್ಬೊಬ್ಬರ ತಲಿಮ್ಯಾಲ ಚೆಂಡು ಹೂವು ಚುಚ್ಚಿದ್ರು. ಆಯಿ ಕಣ್ಣಿಗೆ ಕೈ ಹಿಡದು ಎಣಿಸಿದ್ಲು, ಮತ್ತ ಎಣಿಸಿದ್ಲು. ಆರು ಇದ್ರು.

"ಏ ಅಳಿಯಾ, ಇಂವ ಯಾರಪಾ ಆರನೇದಾಂವ?"

ಸಗಣಿ ಉಳದಿತ್ತು ಅಂತ ಹೇಳಬಹುದಿತ್ತು. ಅಂವ ಒಂದು ಕ್ಷಣ ತಡದು, "ಕರ್ಣ, ಅಜ್ಜಿ" ಅಂದ.

ಆಯಿ ಭಾಳ ಹೊತ್ತು ಸುಮ್ಮನ ಕುಂತ್ಲು. ಆಮ್ಯಾಲ ತನ್ನ ಕೈಯಾಗಿನ ಉತ್ತರಾಣಿ ಕಡ್ಡಿ ಆರನೇದಾಂವನ ತಲಿಗೂ ಚುಚ್ಚಿ, "ಖರೇನ ಬಿಡು, ಅವನೂ ಕುಂತಿ ಹೊಟ್ಟ್ಯಾಗ ಹುಟ್ಟಿದಾಂವನ" ಅಂದ್ಲು. ಆವತ್ತಿನಿಂದ ನಮ್ಮ ಮನ್ಯಾಗ ಪಾಂಡವರು ಆರು ಮಂದಿ.

ಮುಂದಿನ ವರ್ಷ ಹಬ್ಬಕ್ಕ ಅಳಿಯಾರಿಗೆ ರಜಾ ಸಿಗಲಿಲ್ಲ. ನೀರು ತುಂಬೋ ಹಬ್ಬದ ಹಿಂದಿನ ರಾತ್ರಿ ತಂಗಿ ಫೋನ್ ಮಾಡಿದಾಗ ಅವ್ವ ಕ್ಯಾಲೆಂಡರ್ ನೋಡಿಕೋತ ಮಾತಾಡ್ಲಿಕ್ಕತ್ತಿದ್ಲು. ಕ್ಯಾಲೆಂಡರಿನಾಗ 'ನ' ಆಗಿ ಏಳು ದಿನಾ ಆಗಿತ್ತು. ಫೋನ್ ಇಡೂಮುಂದ ಕೇಳಿದ್ಲು:

"ಅಳಿಯಾರು ಹೆಂಗೂ ಬರೂದಿಲ್ಲ. ಅಲ್ಲೇ ಒಂದು ನಳಾ ತಿರುವಿ ಇಟ್ಟು ಮಲಗ್ರಿ ಅಂತ ಹೇಳ್ತಿ ಏನ?"